ನೋಡಿದ ಸಿನಿಮಾಕ್ಕೆ ನಾಲ್ಕು ಸಾಲು ಬರೆದಿಡುವುದು ಹೇಗೆ

ನಾನು ಶಿವಮೊಗ್ಗದಲ್ಲಿದ್ದೇನೆ, ತಮ್ಮ ದಾವಣಗೆರೆಯಲ್ಲಿ. ಒಂದೇ ಸಿನಿಮಾ ನೋಡಿ, ಇಲ್ಲವೇ ಒಂದೇ ಕಾದಂಬರಿ ಓದಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವೆ. ಇಬ್ಬರಿಗೂ ವೈಜ್ಞಾನಿಕ ಕಥೆಗಳೆಂದರೆ ಜಾಸ್ತಿ ಪ್ರೀತಿ. ಒಮ್ಮೆ ಅವನು "ಹೇಗಿತ್ತಕ್ಕಾ?" ಅಂದ. "ತುಂಬಾ ಚೆನ್ನಾಗಿತ್ತು ಕಣೋ" ಅಂದೆ. "ಏನು ಚೆನ್ನಾಗಿತ್ತು?" ಅಂದ. ಸಿನಿಮಾ ನೋಡಿ ನಾಲ್ಕು ದಿನವಾಗಿತ್ತು. ಅಷ್ಟರಲ್ಲಿ ಸುಮಾರು ವಿಮರ್ಶೆ ಓದಿದ್ದೆ. ಬಾಯಿಗೆ ಬಂದದ್ದೆಲ್ಲ ಬೇರೆಯವರ ಮಾತು. ಅವತ್ತೇ ಇನ್ನೂರು ಪುಟದ ನೋಟ್‌ಬುಕ್ ತಂದೆ.

ಸಿನಿಮಾ ಮುಗಿದ ಮೇಲೆ ಫೋನ್ ಮುಟ್ಟದೆ ಮಲಗಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಬರೆಯಿರಿ. ರಾತ್ರಿಯೇ ಬರೆದರೆ ಕ್ಲೈಮ್ಯಾಕ್ಸ್ ಒಂದೇ ತಲೆಯಲ್ಲಿರುತ್ತದೆ. ಬೆಳಗಿನವರೆಗೆ ಉಳಿದದ್ದನ್ನು ಮಾತ್ರ ಬರೆದರೆ ಸಾಕು.

ಮೊದಲ ಸಾಲಿನಲ್ಲಿ ಒಂದೇ ಒಂದು ದೃಶ್ಯ ಇರಲಿ. ಕಥೆ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಎರಡನೆಯದರಲ್ಲಿ, ಆ ದೃಶ್ಯ ನೋಡುವಾಗ ನಿಮಗೆ ಏನು ನೆನಪಾಯಿತು ಅಂತ ಬರೆಯಿರಿ. ಇದೇ ಮುಖ್ಯ. ಇದನ್ನು ಬೇರೆ ಯಾರೂ ಬರೆದುಕೊಡಲು ಆಗುವುದಿಲ್ಲ, ಅಲ್ವಾ?

ನನ್ನದೇ ಪುಟ ಹೇಳುತ್ತೇನೆ. 2016ರ 'ಅರೈವಲ್' ಸಿನಿಮಾದಲ್ಲಿ ಸಂಸ್ಕೃತದ 'ಗವಿಷ್ಟಿ' ಎಂಬ ಪದ ಬರುತ್ತದೆ. ಯುದ್ಧ ಅನ್ನುವುದಕ್ಕೆ ಆ ಪದ. ಭಾಷಾತಜ್ಞೆ ಲೂಯಿಸ್ ಅದರ ಅರ್ಥ ಬಿಡಿಸಿ ಹೇಳುತ್ತಾಳೆ: ಇನ್ನಷ್ಟು ಹಸು ಬೇಕೆಂಬ ಆಸೆ. ನನಗೆ ತಕ್ಷಣ ಸೊರಬದ ಕಡೆ ಅಜ್ಜಿಯ ಊರಿನ ವೀರಗಲ್ಲು ಕಣ್ಣಿಗೆ ಬಂತು. ಕೆಳಗೆ ಹಸುಗಳ ಸಾಲು, ಬಿಲ್ಲು ಹಿಡಿದ ಆಳು. ಮಧ್ಯದಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೂತ ಅವನು. ತುರುಗೋಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವನ ಕಲ್ಲು ಅದು. ಸಿನಿಮಾದವರು ಒಂದು ಮಾತಿನಲ್ಲಿ ಹೇಳಿ ಮುಂದೆ ಹೋದರು. ನಾನು ಅಲ್ಲೇ ನಿಲ್ಲಿಸಿ, ಐದು ನಿಮಿಷ ಸುಮ್ನೆ ಕೂತಿದ್ದೆ.

ಮೂರನೇ ಸಾಲು ಮೂಲ ಪುಸ್ತಕ ಇದ್ದರೆ ಮಾತ್ರ. ಪುಸ್ತಕಕ್ಕೂ ಸಿನಿಮಾಕ್ಕೂ ಇರುವ ವ್ಯತ್ಯಾಸಗಳಲ್ಲಿ ಒಂದನ್ನು ಆರಿಸಿ, ಅದರಿಂದ ಏನು ಬದಲಾಯಿತು ಅಂತ ಕೇಳಿ. ('ಅರೈವಲ್' ನೋಡದವರು ಈ ಪ್ಯಾರಾ ಬಿಟ್ಟುಬಿಡಿ.) ಟೆಡ್ ಚಿಯಾಂಗ್ 1998ರಲ್ಲಿ ಬರೆದ ಮೂಲ ಕಥೆಯಲ್ಲಿ ಅನ್ಯಲೋಕದವರ ಜೊತೆ ಮಾತಾಡುವ ಕನ್ನಡಿಗಳು 112, ಸಿನಿಮಾದಲ್ಲಿ ನೌಕೆಗಳು 12. ಅದರಿಂದ ನನಗೆ ಏನೂ ಬದಲಾಗಲಿಲ್ಲ. ಮಗಳ ಸಾವಿನ ವಿಷಯ ಹಾಗಲ್ಲ. ಕಥೆಯಲ್ಲಿ ಅವಳು 25ನೇ ವಯಸ್ಸಿಗೆ ಬಂಡೆ ಹತ್ತುವಾಗ ಬಿದ್ದು ಸಾಯುತ್ತಾಳೆ. ಸಿನಿಮಾದಲ್ಲಿ ಎಳೆ ವಯಸ್ಸಿನಲ್ಲೇ, ವಾಸಿಯಾಗದ ಕಾಯಿಲೆಯಿಂದ. ಕಾಯಿಲೆಯನ್ನು ತಾಯಿ ತಡೆಯಲಾರಳು. ಆದರೆ ಅವತ್ತು ಬಂಡೆ ಹತ್ತಬೇಡ ಅಂತ ಹೇಳಬಹುದಿತ್ತಲ್ಲ! ಮುಂದಾಗುವುದು ಗೊತ್ತಿದ್ದೂ ಅವಳು ಹೇಳುವುದಿಲ್ಲ. ಹೇಳಲಾರಳೋ, ಹೇಳಬಾರದೋ ಎಂದು ಓದುವವರು ಒದ್ದಾಡಬೇಕು. ಸಿನಿಮಾ ಅಳಿಸಿತು. ಕಥೆ ಎರಡು ರಾತ್ರಿ ನಿದ್ದೆ ಕೆಡಿಸಿತು. ನನಗೆ ಕಥೆಯೇ ದೊಡ್ಡದು.

ನಾಲ್ಕನೆಯದು ತಕರಾರಿಗೆ. ವಿಜ್ಞಾನದ ತಪ್ಪು ಸಿಕ್ಕಿದ ಕೂಡಲೇ ಇಡೀ ಕೃತಿಯನ್ನು ತಳ್ಳಿಹಾಕಬೇಡಿ. 'ದಿ ಮಾರ್ಷಿಯನ್' ಕಾದಂಬರಿ ಮಂಗಳದ ಬಿರುಗಾಳಿಯಿಂದ ಶುರುವಾಗುತ್ತದೆ. ಅಲ್ಲಿನ ವಾತಾವರಣದ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ. ಆ ಗಾಳಿಗೆ ಅಷ್ಟು ಬಲ ಬರುವುದಿಲ್ಲ. ಲೇಖಕ ಆಂಡಿ ವೀರ್ ಕೂಡ ಒಪ್ಪಿಕೊಂಡಿದ್ದಾರೆ. ಆದರೆ ಆ ಗಾಳಿ ಇಲ್ಲದಿದ್ದರೆ ನಾಯಕ ಅಲ್ಲಿ ಒಬ್ಬನೇ ಉಳಿಯುತ್ತಿರಲಿಲ್ಲ. ಆಮೇಲೆ ಆಲೂಗಡ್ಡೆ, ನೀರು, ಗಾಳಿ ಎಲ್ಲಕ್ಕೂ ಅವನು ಲೆಕ್ಕ ಇಡುತ್ತಾನೆ. ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಹಾಗೆ ಅಳೆದು ತೂಗಿ ಬದುಕುವವನನ್ನು ಕಂಡರೆ ಮನಸ್ಸು ತುಂಬುತ್ತದೆ. ಗಾಳಿಗೆ ಮಾಫಿ ಕೊಟ್ಟೆ.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಒಂದು ಪುಟ ಇರಲಿ. ನಿಲ್ಲಿಸಿದ ಪುಟದ ಸಂಖ್ಯೆ, ಕಾರಣ, ಅಷ್ಟೇ. ನಕ್ಷತ್ರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಮೂರೂವರೆ ಅಂತ ಬರೆದದ್ದು ಆರು ತಿಂಗಳಾದ ಮೇಲೆ ಏನೂ ಹೇಳುವುದಿಲ್ಲ.

ಇನ್ನೊಮ್ಮೆ ನೋಡಿದಾಗ ಹಳೆಯದನ್ನು ಹೊಡೆದು ಹಾಕಬೇಡಿ. ಕೆಳಗೆ ತಾರೀಕು ಹಾಕಿ ಹೊಸದಾಗಿ ಬರೆಯಿರಿ. 'ಅರೈವಲ್' ಪುಟದಲ್ಲಿ ಮೊದಲು "ಮಧ್ಯೆ ಸ್ವಲ್ಪ ಎಳೆದಿದ್ದಾರೆ" ಅಂತ ಇದೆ. ಅದರ ಕೆಳಗೆ "ಒಂದು ಭಾಷೆ ಕಲಿಯಲು ಅಷ್ಟಾದರೂ ಹೊತ್ತು ಬೇಡವೇ?" ಅಂತ ಇದೆ. ತಮ್ಮ ಮಾತ್ರ ಈಗಲೂ ಎಳೆದಿದ್ದಾರೆ ಅಂತಲೇ ವಾದಿಸುತ್ತಾನೆ.

ಈ ವಾರ 'ಸೋಲಾರಿಸ್'. ಅವನು ತಾರ್ಕೋವ್‌ಸ್ಕಿಯ 1972ರ ಸಿನಿಮಾ ನೋಡಿ ಮುಗಿಸಿದ್ದಾನೆ. ನಾನು ಲೆಮ್‌ನ ಕಾದಂಬರಿಯಲ್ಲಿ ಇನ್ನೂ ಅರ್ಧದಲ್ಲಿದ್ದೇನೆ. ಭಾನುವಾರದವರೆಗೆ ಏನೂ ಹೇಳಬೇಡ ಅಂತ ಅವನಿಗೆ ಮೆಸೇಜ್ ಹಾಕಿದ್ದೇನೆ.