‘ಏನ್ ಮಾಡೋದು, ವಿಧಿಯಿಲ್ಲ’: ಹಿಂದಿಯಲ್ಲಿ ಇದನ್ನು ಹೇಳುವುದು ಹೇಗೆ?

ಜನವರಿಯ ದೆಹಲಿ. ರೈಲು ನಿಲ್ದಾಣದಲ್ಲಿ ಮಂಜು ಎಷ್ಟು ದಟ್ಟವಾಗಿತ್ತು ಅಂದರೆ, ಎದುರಿನ ಪ್ಲಾಟ್‌ಫಾರ್ಮಿನ ದೀಪ ಬರೀ ಹಳದಿ ಚುಕ್ಕೆಯ ಹಾಗೆ ಕಾಣುತ್ತಿತ್ತು. ಬೆಂಗಳೂರಿನ ಗಾಡಿ 4 ಗಂಟೆ ತಡ ಅಂತ ಮೈಕಿನಲ್ಲಿ ಹೇಳಿದರು. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿಯೊಬ್ಬರು ನನ್ನ ಕಡೆ ತಿರುಗಿ, ‘ಕೋಹ್ರಾ ಹೈ ಬೇಟಾ, ಕ್ಯಾ ಕರೇಂ’ ಅಂದರು. ಮಂಜು ಕಣಪ್ಪಾ, ಏನು ಮಾಡೋದು. ನಾನೂ ‘ಹೌದು, ಕಾಯಬೇಕು’ ಅನ್ನಲು ಹೋಗಿ ‘ಮೈ ರುಕ್ನಾ ಚಾಹಿಯೇ’ ಅಂದೆ. ಅಜ್ಜಿ ಒಂದು ಕ್ಷಣ ಯೋಚಿಸಿ, ಅದನ್ನೇ ಸರಿಮಾಡಿ ಹೇಳಿದರು: ‘ಹಾಂ, ರುಕ್ನಾ ತೋ ಪಡೇಗಾ.’

ಆ ಮಾತಿನಲ್ಲಿ ಇಡೀ ಪಾಠ ಇದೆ. ಕೆಲಸಕ್ಕೋ ಓದಿಗೋ ಹಿಂದಿ ಊರುಗಳಿಗೆ ಹೋಗುವ ನಮ್ಮವರು ಅಂಗಡಿಯ ಹಿಂದಿ ಬೇಗ ಕಲಿಯುತ್ತಾರೆ. ಎಡವುವುದು ಇಲ್ಲಿ, ಕೈಮೀರಿದ್ದನ್ನು ಒಪ್ಪಿಕೊಂಡು ಮಾತಾಡುವ ಜಾಗದಲ್ಲಿ.

ಮೊದಲು ‘ಬೇಕು’ ಅನ್ನುವುದನ್ನು ಮೂರು ಭಾಗ ಮಾಡಿ

ಕನ್ನಡದಲ್ಲಿ ‘ಹೋಗಬೇಕು’ ಅಂದರೆ ಮುಗಿಯಿತು. ಆಸೆಯಾ, ಕರ್ತವ್ಯವಾ, ಬಲವಂತವಾ ಅನ್ನುವುದು ದನಿಯಲ್ಲೇ ಗೊತ್ತಾಗುತ್ತದೆ. ಹಿಂದಿಯಲ್ಲಿ ಒಂದೊಂದಕ್ಕೂ ಬೇರೆ ರೂಪ ಇದೆ. ‘ಮುಝೇ ಜಾನಾ ಹೈ’ ಅಂದರೆ ಹೋಗುವುದಿದೆ, ಅಷ್ಟೇ. ‘ಮುಝೇ ಜಾನಾ ಚಾಹಿಯೇ’ ಅಂದರೆ ಹೋಗುವುದು ಒಳ್ಳೆಯದು, ಹೋಗದಿದ್ದರೆ ಸರಿಯಲ್ಲ. ‘ಮುಝೇ ಜಾನಾ ಪಡೇಗಾ’ ಅಂದರೆ ಮನಸ್ಸಿರಲಿ ಇಲ್ಲದಿರಲಿ, ಹೋಗದೆ ವಿಧಿಯಿಲ್ಲ. ‘ಪಡ್‌ನಾ’ ಅಂದರೆ ಬೀಳುವುದು. ಕೆಲಸ ನಮ್ಮ ತಲೆ ಮೇಲೆ ಬಿತ್ತು ಅಂತ ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ.

ನಾವು ಎಲ್ಲ ಕಡೆ ‘ಚಾಹಿಯೇ’ ಹಾಕುತ್ತೇವೆ, ಅದೇ ತೊಂದರೆ. ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ, ರಜೆ ಬೇಕು ಅನ್ನುವಾಗ ‘ಮುಝೇ ಘರ್ ಜಾನಾ ಚಾಹಿಯೇ’ ಅಂದರೆ, ‘ಹೋದರೆ ಒಳ್ಳೆಯದು ಅನ್ಸುತ್ತೆ’ ಅಂದ ಹಾಗೆ ಕೇಳುತ್ತದೆ. ಆತುರ ಅಲ್ಲಿ ಕಾಣುವುದೇ ಇಲ್ಲ. ‘ಮಾಂ ಬೀಮಾರ್ ಹೈಂ, ಮುಝೇ ಘರ್ ಜಾನಾ ಪಡೇಗಾ’ ಅನ್ನಿ. ಹಾಗಂತ ಮದುವೆಗೆ ಕರೆದವರ ಎದುರು ‘ಶಾದೀ ಮೇಂ ಆನಾ ಪಡೇಗಾ’ ಅನ್ನಬೇಡಿ. ಒಲ್ಲದ ಮನಸ್ಸಿನಿಂದ ಬರುತ್ತಿದ್ದೀರಿ ಅಂತ ಅವರಿಗೆ ಬೇಜಾರಾಗುತ್ತದೆ.

ಕಾಲಕ್ಕೆ ತಕ್ಕ ಹಾಗೆ ಬದಲಾಗುವುದು ‘ಪಡ್‌ನಾ’ ಮಾತ್ರ. ಹೋಗಬೇಕಾಯಿತು: ‘ಜಾನಾ ಪಡಾ’. ದಿನಾ ಹೋಗಬೇಕಾಗುತ್ತದೆ: ‘ರೋಜ್ ಜಾನಾ ಪಡ್ತಾ ಹೈ’. ‘ಡ’ ಹಗುರವಾಗಿರಲಿ. ಒತ್ತಿ ‘ಪಢ್‌ನಾ’ ಅಂದರೆ ಓದುವುದು ಅಂತಾಗುತ್ತದೆ.

ಎರಡನೆಯದು: ‘ನಾನು’ ಬೇಡ, ‘ನನಗೆ’ ಇರಲಿ

ನಾವು ‘ನಾನು ಹೋಗಬೇಕಾಯಿತು’ ಅನ್ನುತ್ತೇವೆ. ಹಿಂದಿಯಲ್ಲಿ ‘ಮೈಂ’ ಇಲ್ಲಿ ಬರುವುದೇ ಇಲ್ಲ. ‘ಮುಝೇ’, ‘ಹಮೇಂ’, ‘ಉನ್‌ಕೋ’, ಹೀಗೆ ‘-ಗೆ’ ಅರ್ಥದ ರೂಪವೇ ಬರಬೇಕು.

ಇನ್ನೊಂದು ವಿಷಯ ಇದೆ, ಸ್ವಲ್ಪ ನಿಧಾನವಾಗಿ ನೋಡಿ. ಗಾಡಿ ಮಾರಬೇಕಾಯಿತು ಅನ್ನಲು ‘ಮುಝೇ ಗಾಡೀ ಬೇಚ್‌ನೀ ಪಡೀ’. ಮನೆ ಮಾರಬೇಕಾಯಿತು ಅನ್ನಲು ‘ಮುಝೇ ಮಕಾನ್ ಬೇಚ್‌ನಾ ಪಡಾ’. ಗಾಡಿ ಸ್ತ್ರೀಲಿಂಗ, ಮಕಾನ್ ಪುಲ್ಲಿಂಗ. ಕ್ರಿಯಾಪದ ನೋಡುವುದು ಮಾರಿದವರನ್ನಲ್ಲ, ಮಾರಿದ ವಸ್ತುವನ್ನು. ಹೇಳುವವರು ಗಂಡಸಾದರೂ ಹೆಂಗಸಾದರೂ ವಾಕ್ಯ ಒಂದೇ. ಇದರಲ್ಲಿ ತಪ್ಪಿದರೂ ಎದುರಿನವರಿಗೆ ಅರ್ಥವಾಗುತ್ತದೆ. ಹೆದರಿ ಸುಮ್ನೆ ಇರಬೇಡಿ.

ಮೂರನೆಯದು: ‘ತೋ’, ‘ಹೀ’, ‘ಭೀ’ ಸೇರಿಸಿ

ಬರೀ ‘ರುಕ್ನಾ ಪಡೇಗಾ’ ಅಂದರೆ ಸುದ್ದಿ ಹೇಳಿದ ಹಾಗೆ. ‘ರುಕ್ನಾ ತೋ ಪಡೇಗಾ’ ಅಂದಾಗ ‘ಕಾಯಬೇಕಲ್ಲಪ್ಪಾ’ ಅನ್ನುವ ನಿಟ್ಟುಸಿರು ಬರುತ್ತದೆ. ‘ರುಕ್ನಾ ಹೀ ಪಡೇಗಾ’ ಅಂದರೆ ನಮ್ಮ ‘ಕಾಯಲೇಬೇಕು’. ‘ಕರ್ ಭೀ ಕ್ಯಾ ಸಕ್ತೇ ಹೈಂ’ ಅಂದರೆ ‘ಏನು ತಾನೇ ಮಾಡಕ್ಕಾಗುತ್ತೆ’. ಈ ಚಿಕ್ಕ ಪದಗಳಿಲ್ಲದೆ ಹಿಂದಿ ಬಿಗಿಯಾಗಿ ಕೇಳುತ್ತದೆ.

ನಾಲ್ಕನೆಯದು: ‘ವಿಧಿಯಿಲ್ಲ’ಕ್ಕೆ ಸರಿಯಾದ ಪದ

ಜಾಸ್ತಿ ಕೇಳಿಬರುವುದು ‘ಮಜ್ಬೂರೀ ಹೈ’. ಸ್ವಲ್ಪ ಗಂಭೀರವಾಗಿ ಹೇಳಬೇಕಾದರೆ ‘ಇಸ್‌ಕೇ ಸಿವಾ ಕೋಯೀ ಚಾರಾ ನಹೀಂ’, ಇದು ಬಿಟ್ಟರೆ ಬೇರೆ ದಾರಿಯಿಲ್ಲ. ‘ಚಾರಾ’ ಪಾರ್ಸಿಯಿಂದ ಬಂದ ಪದ, ಉಪಾಯ ಅಂತ ಅರ್ಥ. ‘ಬೇಚಾರಾ’ ಗೊತ್ತಲ್ವಾ? ಉಪಾಯವಿಲ್ಲದವನು. ‘ಲಾಚಾರ್’ ಕೂಡ ಅದೇ ಮನೆಯದು. ದನದ ಮೇವಿಗೂ ‘ಚಾರಾ’ ಅನ್ನುತ್ತಾರೆ, ಆದರೆ ಅದು ಬೇರೆ ಪದ.

‘ಯೇ ಮೇರೇ ಬಸ್ ಮೇಂ ನಹೀಂ’ ಅಂದರೆ ‘ಇದು ನನ್ನ ಕೈಲಿಲ್ಲ’. ಇದು ‘ಸಾಕು’ ಅನ್ನುವ ‘ಬಸ್’ ಅಲ್ಲ, ನಮ್ಮ ‘ವಶ’ದ ನೆಂಟ. ‘ಮೇರೇ ಹಾಥ್ ಮೇಂ ನಹೀಂ’ ಅಂದರೂ ಆದೀತು. ಕೈ ನಮ್ಮಲ್ಲೂ ಇದೆ, ಅವರಲ್ಲೂ ಇದೆ.

ಐದನೆಯದು: ಆಗಿಹೋದ ಮೇಲೆ ಹೇಳುವ ಮಾತು

‘ಹೋಗ್ಲಿ ಬಿಡಿ’ ಅನ್ನಲು ‘ಜಾನೇ ದೀಜಿಯೇ’. ಪದಕ್ಕೆ ಪದ ಹೊಂದುತ್ತದೆ. ಆದರೆ ನಮ್ಮ ದಿನನಿತ್ಯದ ಮಾತಿನಲ್ಲಿ ಹೆಚ್ಚಾಗಿ ನೀನು, ನೀವು ಎರಡೇ. ಹಿಂದಿಯಲ್ಲಿ ತೂ, ತುಮ್, ಆಪ್ ಮೂರು. ‘ಜಾನೇ ದೇ’ ತೀರಾ ಸಲಿಗೆಯವರಿಗೆ, ‘ಜಾನೇ ದೋ’ ಗೆಳೆಯರಿಗೆ, ಹಿರಿಯರಿಗೆ ‘ಜಾನೇ ದೀಜಿಯೇ’. ‘ತುಮ್’ ಅಂದರೆ ‘ನೀವು’ ಅಂದುಕೊಂಡು ಹಿರಿಯರಿಗೆ ‘ಜಾನೇ ದೋ’ ಅನ್ನುವವರನ್ನು ತುಂಬ ನೋಡಿದ್ದೇನೆ. ‘ಜೋ ಹುವಾ ಸೋ ಹುವಾ’ ಅಂದರೆ ನಮ್ಮ ‘ಆಗಿದ್ದಾಯ್ತು’.

‘ಕೋಯೀ ಬಾತ್ ನಹೀಂ’ ಬಳಸುವಾಗ ಜೋಪಾನ. ಅದು ‘ಪರವಾಗಿಲ್ಲ’ ನಿಜ, ಆದರೆ ಹೇಳಬೇಕಾದವರು ನಷ್ಟವಾದವರು. ನಿಮ್ಮ ಕೈಯಿಂದ ಅವರ ಚಹಾ ಚೆಲ್ಲಿ, ನೀವೇ ‘ಕೋಯೀ ಬಾತ್ ನಹೀಂ’ ಅಂದರೆ ಒರಟಾಗುತ್ತದೆ. ‘ಚಲ್ತಾ ಹೈ’ (ನಡೆಯುತ್ತೆ ಬಿಡಿ) ಅಂದರೆ ಇನ್ನೂ ಕೆಟ್ಟದು, ಉಡಾಫೆ ಅನಿಸುತ್ತದೆ. ‘ಊಟ ಹೇಗಿತ್ತು?’ ಅಂದಾಗ ನಾವು ಹೇಳುವ ‘ಪರವಾಗಿಲ್ಲ’ಕ್ಕೂ ಈ ಮಾತು ಆಗದು. ಅಲ್ಲಿ ‘ಠೀಕ್-ಠಾಕ್ ಥಾ’.

ಕೊನೆಯದು: ಸಾವಿನ ಮನೆಯಲ್ಲಿ

ಇಲ್ಲಿ ಮೇಲಿನ ಹಗುರ ಮಾತುಗಳು ಒಂದೂ ಬೇಡ. ಮೊದಲು ‘ಬಹುತ್ ಬುರಾ ಹುವಾ’, ತುಂಬ ಕೆಟ್ಟದಾಯಿತು, ಅನ್ನಿ. ಆಮೇಲೆ ‘ಹಿಮ್ಮತ್ ರಖಿಯೇ’, ಧೈರ್ಯ ತಂದುಕೊಳ್ಳಿ. ತುಂಬು ವಯಸ್ಸಿನವರು ತೀರಿಕೊಂಡಿದ್ದರೆ ‘ಹೋನೀ ಕೋ ಕೌನ್ ಟಾಲ್ ಸಕ್ತಾ ಹೈ’ ಅನ್ನುವುದುಂಟು. ಆಗಬೇಕಾದದ್ದನ್ನು ಯಾರು ತಪ್ಪಿಸಲಾದೀತು. ‘ಊಪರ್‌ವಾಲೇ ಕೀ ಮರ್ಜೀ’, ಅಂದರೆ ದೇವರ ಇಚ್ಛೆ, ಅನ್ನುವ ಮಾತನ್ನು ಮನೆಯವರೇ ಆಡಲಿ. ಮಗುವನ್ನೋ ಪ್ರಾಯದವರನ್ನೋ ಕಳೆದುಕೊಂಡವರಿಗೆ ಹೊರಗಿನವರ ಬಾಯಿಂದ ಅದು ಚುಚ್ಚುತ್ತದೆ.

ಕೆಲವೊಮ್ಮೆ ಮನೆಯವರೇ ‘ಕ್ಯಾ ಕರೇಂ, ಇತ್ನಾ ಹೀ ಸಾಥ್ ಥಾ’ ಅನ್ನುತ್ತಾರೆ. ಜೊತೆ ಅಷ್ಟೇ ದಿನದ್ದಿತ್ತು. ನಮ್ಮಲ್ಲಿ ‘ಋಣ ಅಷ್ಟೇ ಇತ್ತು’ ಅನ್ನುವ ಹಾಗೆ. ಅದಕ್ಕೆ ಹೊಸ ವಾಕ್ಯ ಕಟ್ಟಲು ಹೋಗಬೇಡಿ. ಮೆಲ್ಲಗೆ ‘ಜೀ’ ಅಂದು, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿರಿ.