ಹಳೆ ಡ್ಯಾನಿಶ್ ಪೈಪ್‌ನ ಮೂಲ ನಾನು ಹುಡುಕುವ ರೀತಿ

ತಂಬಾಕು ಸೇದುವ ಹಳೆಯ ಡ್ಯಾನಿಶ್ ಪೈಪ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಅದರ ಮೇಲೆ ಒತ್ತಿರುವ ಹೆಸರನ್ನು. ನಾನೂ ಅಲ್ಲಿಂದಲೇ ಶುರು ಮಾಡುತ್ತೇನೆ. ಆದರೆ ಹೆಸರು ಓದಿದ ಮಾತ್ರಕ್ಕೆ ಪೈಪ್ ಮಾಡಿದವರು ಯಾರು ಅಂತ ಗೊತ್ತಾಗುವುದಿಲ್ಲ. ಅದು ಮಾಡಿದವರ ಹೆಸರಿರಬಹುದು, ಮಾರಿದ ಅಂಗಡಿಯದ್ದಿರಬಹುದು, ಹೊರದೇಶಕ್ಕೆ ತರಿಸಿಕೊಂಡ ಕಂಪನಿಯದ್ದೂ ಇರಬಹುದು. ಈ ಮೂರರಲ್ಲಿ ಯಾವುದು ಅಂತ ಬಿಡಿಸುವುದೇ ನನ್ನ ಹವ್ಯಾಸ.

ನಾನು ಕೋಪನ್‌ಹೇಗನ್‌ನಲ್ಲಿ ಕೆಲಸ ಮಾಡಿಕೊಂಡಿದ್ದೇನೆ. ಇಲ್ಲಿ ಪೈಪ್‌ಗಳು ಸಿಗುವುದು ಹಳೆ ಸಾಮಾನಿನ ಸಂತೆಗಳಲ್ಲಿ. ಫ್ರೆಡರಿಕ್ಸ್‌ಬರ್ಗ್ ಟೌನ್‌ಹಾಲ್ ಹಿಂದೆ ಶನಿವಾರ ನಡೆಯುವ ಸಂತೆ ನನಗೆ ತುಂಬಾ ಇಷ್ಟ. ಯಾರದೋ ಅಜ್ಜನ ಮನೆ ಖಾಲಿ ಮಾಡಿರುತ್ತಾರೆ, ಚಮಚ, ಕನ್ನಡಕದ ಜೊತೆ ಪೈಪ್‌ಗಳೂ ಡಬ್ಬಕ್ಕೆ ಬಿದ್ದಿರುತ್ತವೆ. ನಾನು ತಂಬಾಕು ಸೇದುವುದಿಲ್ಲ. ನನ್ನನ್ನು ಹಿಡಿದಿರುವುದು ಮರದ ಕೆಲಸ.

ಮನೆಗೆ ತಂದ ಪೈಪ್‌ನ ಮುದ್ರೆಯನ್ನು ತೊಳೆಯುವ ಮೊದಲೇ ಓದುತ್ತೇನೆ. ದೀಪ ಮೇಲಿಂದ ಬಿದ್ದರೆ ಸವೆದ ಅಕ್ಷರ ಕಾಣುವುದಿಲ್ಲ. ಕೋಣೆ ಕತ್ತಲೆ ಮಾಡಿ, ಸಣ್ಣ ಟಾರ್ಚನ್ನು ಪಕ್ಕದಿಂದ, ಮರಕ್ಕೆ ಹೆಚ್ಚುಕಡಿಮೆ ತಾಗುವಂತೆ ಹಿಡಿಯಬೇಕು. ಆಗ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸೀಮೆಸುಣ್ಣದ ಪುಡಿಯನ್ನು ಬೆರಳಲ್ಲಿ ಮೆಲ್ಲಗೆ ಸವರಿ, ಒಣ ಬಟ್ಟೆಯಿಂದ ಒರೆಸುತ್ತೇನೆ. ಪುಡಿ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ಮುದ್ರೆಯ ಹತ್ತಿರ ಮರಳು ಕಾಗದ ತರಲೇಬೇಡಿ. ಹೊಳಪು ಬರಲಿ ಅಂತ ಉಜ್ಜಿ ಉಜ್ಜಿ ಗುರುತನ್ನೇ ಅಳಿಸಿಹಾಕಿದ ಪೈಪ್‌ಗಳನ್ನು ನೋಡಿದಾಗ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ.

ಜಾಸ್ತಿ ಸಿಗುವುದು ಸ್ಟಾನ್‌ವೆಲ್ ಎಂಬ ಡ್ಯಾನಿಶ್ ಕಂಪನಿಯ ಪೈಪ್‌ಗಳು. ಇದರ ಕಥೆ ಗೊತ್ತಿದ್ದರೆ ಮುದ್ರೆ ಓದುವುದು ಸುಲಭ. 1942ರಲ್ಲಿ ಡೆನ್ಮಾರ್ಕ್ ಜರ್ಮನರ ಹಿಡಿತದಲ್ಲಿತ್ತು. ಪೈಪ್‌ಗೆ ಬೇಕಾದ ಬ್ರಯರ್ ಮೆಡಿಟರೇನಿಯನ್ ಕಡೆಯ ಒಂದು ಪೊದೆಯ ಬುಡದ ಗಂಟು. ಯುದ್ಧದಲ್ಲಿ ಅದು ಬರುವ ದಾರಿ ಬಂದ್ ಆಗಿತ್ತು. ಪೌಲ್ ನೀಲ್ಸನ್ ಎಂಬಾತ ಕ್ಯುರಿಂಗೆ ಎಂಬ ಊರಲ್ಲಿ ಬೀಚ್ ಮರದಿಂದಲೇ ಪೈಪ್ ಮಾಡಿಸಲು ಶುರು ಮಾಡಿದರು. ಯುದ್ಧ ಮುಗಿದು ಬ್ರಯರ್ ಬಂದ ಮೇಲೆ ಇಂಗ್ಲಿಷ್ ಪೈಪ್‌ಗಳ ಎದುರು ನಿಲ್ಲಲು ಸ್ಟಾನ್‌ವೆಲ್ ಅಂತ ಇಂಗ್ಲಿಷ್ ಧಾಟಿಯ ಹೆಸರಿಟ್ಟರು. ಕೊನೆಗೆ ತಮ್ಮ ಮನೆತನದ ಹೆಸರನ್ನೂ ಅದಕ್ಕೇ ಬದಲಿಸಿಕೊಂಡರು. ಹಾಗಾಗಿ ಬೀಚ್ ಮರದ ಡ್ಯಾನಿಶ್ ಪೈಪ್ ಕಂಡರೆ ನಾನು ಮೊದಲು ಯುದ್ಧದ ವರ್ಷಗಳನ್ನೇ ನೆನೆಯುತ್ತೇನೆ.

ಸ್ಟಾನ್‌ವೆಲ್‌ನಲ್ಲಿ ನಾನು ಹುಡುಕುವುದು ‘ರೆಜಿಸ್ಟರ್ಡ್ ನಂಬರ್ 969-48’ ಎಂಬ ಸಾಲು. ಅದು ಟ್ರೇಡ್‌ಮಾರ್ಕ್ ನೋಂದಣಿಯ ಸಂಖ್ಯೆ. 1960ರ ದಶಕದ ಕೊನೆ, 70ರ ಆರಂಭದ ಹೊತ್ತಿಗೆ ಅದನ್ನು ಒತ್ತುವುದು ನಿಂತಿತು. ಆ ಸಾಲು ಇದ್ದರೆ ಪೈಪ್ ಅದಕ್ಕಿಂತ ಹಿಂದಿನದು. 48 ನೋಡಿ 1948ರ ಪೈಪ್ ಅಂತ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಅದು ತಪ್ಪು. ಆಕಾರದ ನಂಬರನ್ನೂ ಒಂಟಿಯಾಗಿ ನಂಬಬಾರದು. ಒಂದೇ ನಂಬರನ್ನು ಬೇರೆ ಬೇರೆ ಕಾಲದಲ್ಲಿ ಬೇರೆ ಆಕಾರಕ್ಕೆ ಕೊಟ್ಟಿದ್ದಾರೆ. 2009ರ ಕೊನೆಗೆ ಡೆನ್ಮಾರ್ಕ್‌ನ ಕಾರ್ಖಾನೆ ಮುಚ್ಚಿ ಕೆಲಸ ಇಟಲಿಗೆ ಹೋಯಿತು. ಹೀಗಾಗಿ ಆಮೇಲಿನದ್ದು ಹೆಸರಿಗೆ ಸ್ಟಾನ್‌ವೆಲ್, ಹುಟ್ಟಿದ್ದು ಇಟಲಿಯಲ್ಲಿ.

ಇಲ್ಲೇ ಸಿಕ್ಸ್ಟೆನ್ ಈವರ್ಸನ್ ಹೆಸರೂ ಬರುತ್ತದೆ. ಸ್ವೀಡನ್‌ನಲ್ಲಿ ಹುಟ್ಟಿ, ಕೋಪನ್‌ಹೇಗನ್‌ನ ಸೂರ್ ಎಂಬ ಪೈಪ್ ಕಾರ್ಯಾಗಾರದಲ್ಲಿ ರಿಪೇರಿ ಮಾಡುತ್ತಾ ಬೆಳೆದವರು. ಡ್ಯಾನಿಶ್ ಪೈಪ್‌ಗೆ ಇಂದಿರುವ ಮರ್ಯಾದೆಯಲ್ಲಿ ಅವರ ಪಾಲು ದೊಡ್ಡದು. ಸ್ಟಾನ್‌ವೆಲ್‌ಗೆ ಅವರು ಬಹಳ ಆಕಾರಗಳನ್ನು ರೂಪಿಸಿಕೊಟ್ಟರು. ಆದರೆ ಅವರು ರೂಪಿಸಿದ ಆಕಾರ ಬೇರೆ, ಅವರೇ ಕೈಯಾರೆ ಕೆತ್ತಿದ ಪೈಪ್ ಬೇರೆ. ಕಾರ್ಖಾನೆಯಲ್ಲಿ ತಯಾರಾದದ್ದಕ್ಕೆ ‘ಈವರ್ಸನ್ ಪೈಪ್’ ಅಂತ ಹೆಸರು ಹಚ್ಚಿ ಬೆಲೆ ಏರಿಸುವುದನ್ನು ನಾನು ಒಪ್ಪುವುದಿಲ್ಲ.

ಹೆಸರು ದಾರಿ ತಪ್ಪಿಸುವುದಕ್ಕೆ ಬೆನ್ ವೇಡ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. ಬೆನ್ ವೇಡ್ ಅಂದರೆ 1860ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಶುರುವಾದ ಕಂಪನಿ. ಅದರ ಹೆಸರು ಕೈ ಬದಲಾಗುತ್ತಾ ಅಮೆರಿಕದ ತಂಬಾಕು ವ್ಯಾಪಾರಿ ಹರ್ಮನ್ ಲೇನ್ ಬಳಿ ಬಂತು. 1970ರ ದಶಕದ ಆರಂಭದಿಂದ ಆ ಹೆಸರಲ್ಲಿ ಅಮೆರಿಕಕ್ಕೆ ಪೈಪ್ ಮಾಡಿಕೊಟ್ಟವರು ಕೋಪನ್‌ಹೇಗನ್‌ನ ಪ್ರೇಬೆನ್ ಹೋಲ್ಮ್. 1989ರಲ್ಲಿ ಅವರು ತೀರಿಕೊಳ್ಳುವ ತನಕ ಅದು ನಡೆಯಿತು. ಇಂಥ ಪೈಪ್ ಸಿಕ್ಕಾಗ ನಾನು ಬೌಲ್‌ನ, ಅಂದರೆ ತಂಬಾಕು ತುಂಬುವ ಬಟ್ಟಲಿನ, ಮೇಲಂಚು ನೋಡುತ್ತೇನೆ. ಅಲ್ಲಿ ಬ್ರಯರ್ ಗಂಟಿನ ಒರಟು ಹೊರಮೈಯನ್ನು ಹಾಗೇ ಉಳಿಸಿರುತ್ತಾರೆ. ಮರದ ಎಳೆಗಳು ಗಂಟಿನ ಒಳಗಿನಿಂದ ಆ ಹೊರಮೈ ಕಡೆಗೆ ಓಡುತ್ತವೆ. ಹೊರಮೈ ಮೇಲೆ ಬರುವ ಹಾಗೆ ಕೆತ್ತಿದರೆ ಎಳೆಗಳು ಬೌಲ್‌ನ ಸುತ್ತ ನೇರವಾಗಿ ಮೇಲಕ್ಕೆ ಹರಿಯುತ್ತವೆ. ಆಕಾರವನ್ನು ಮೊದಲೇ ನಿಗದಿ ಮಾಡದೆ, ಮರ ಹೇಳಿದ ಹಾಗೆ ಕೆತ್ತಿದ್ದು ಕಣ್ಣಿಗೆ ಕಾಣುತ್ತದೆ. ಜೊತೆಗೆ ‘ಹ್ಯಾಂಡ್ ಮೇಡ್ ಇನ್ ಡೆನ್ಮಾರ್ಕ್’ ಮುದ್ರೆಯೂ ಇದ್ದರೆ ಲೀಡ್ಸ್ ಮಾತು ಬಿಟ್ಟುಬಿಡಬಹುದು.

ಇನ್ನು ಬಾಯಿಗಿಡುವ ಕೊಳವೆ. ಇದು ಬೇಗ ಮುರಿಯುತ್ತದೆ, ಕಳೆಯುತ್ತದೆ, ಬೇರೆಯದನ್ನು ಸಿಕ್ಕಿಸಿರುತ್ತಾರೆ. ಕೂಡುವ ಜಾಗದಲ್ಲಿ ಉಗುರು ಎಳೆದು ನೋಡುತ್ತೇನೆ. ಮರ ಮತ್ತು ಕೊಳವೆಯ ನಡುವೆ ಉಗುರು ತಡೆದರೆ ಅನುಮಾನ ಶುರು. ಗಟ್ಟಿ ರಬ್ಬರಿನ ಎಬೊನೈಟ್ ಆದರೆ ಬಿಸಿಲಿಗೆ ಹಸಿರು-ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಕ್ರಿಲಿಕ್ ಹಾಗೆ ಆಗುವುದಿಲ್ಲ. 1950ರ ದಶಕದ ಬೌಲ್‌ಗೆ ಫಳಫಳ ಹೊಳೆಯುವ ಅಕ್ರಿಲಿಕ್ ಕೊಳವೆ ಇದ್ದರೆ ಅದು ಆಮೇಲೆ ಬಂದದ್ದು ಅಂತಲೇ ಇಟ್ಟುಕೊಳ್ಳುತ್ತೇನೆ. ಆಗ ಕೊಳವೆ ಮೇಲಿನ ಲಾಂಛನದಿಂದ ಬೌಲ್‌ನ ಮೂಲ ಹೇಳುವ ಹಾಗಿಲ್ಲ. ಬೆಳ್ಳಿ ಉಂಗುರದ ಮೇಲೆ ಬರೀ 925 ಅಂತಿದ್ದರೆ ಅದು ಬೆಳ್ಳಿಯ ಶುದ್ಧತೆ ಅಷ್ಟೇ, ವರ್ಷಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಂಗಡಿ ಹೆಸರಿನ ಪೈಪ್‌ಗಳೇ ನನಗೆ ಜಾಸ್ತಿ ಕೆಲಸ ಕೊಡುವುದು. 1864ರಲ್ಲಿ ಶುರುವಾದ ಡಬ್ಲ್ಯು.ಒ. ಲಾರ್ಸನ್ ಕೋಪನ್‌ಹೇಗನ್‌ನ ದೊಡ್ಡ ತಂಬಾಕು ಅಂಗಡಿಯಾಗಿತ್ತು. ಒಳ್ಳೊಳ್ಳೆ ಕೆತ್ತನೆಗಾರರು ಅವರಿಗಾಗಿ ಕೆಲಸ ಮಾಡಿದ್ದಾರೆ. ಟೆಡ್ಡಿ ಕ್ನುಡ್ಸನ್, ‘ಫಾರ್ಮರ್’ ಅಂತಲೇ ಹೆಸರಾದ ಹಾನ್ಸ್ ನೀಲ್ಸನ್ ಅಂಥವರು ಅಲ್ಲಿದ್ದವರೇ. ಪೈಪ್ ಮೇಲೆ ಮಾತ್ರ ಅಂಗಡಿಯ ಹೆಸರು. ಬಾಗಿದ ಕೊಳವೆಯ ತಿರುವು, ಅಂಚಿನ ತೆಳುವು ನೋಡಿ ಇಂಥವರದ್ದೇ ಕೈ ಅಂತ ಊಹಿಸುವ ಆಸೆ ಆಗುತ್ತದೆ, ಅಲ್ವಾ? ಆ ಊಹೆಯನ್ನು ನಾನು ಚೀಟಿಗೆ ಏರಿಸುವುದಿಲ್ಲ.

ಪ್ರತಿ ಪೈಪ್‌ಗೂ ಒಂದು ಚೀಟಿ ಕಟ್ಟುತ್ತೇನೆ. ಅದರಲ್ಲಿ ಮುದ್ರೆಯನ್ನು ಇರುವ ಹಾಗೇ, ಸಾಲು ಸಾಲಾಗಿ ಬರೆಯುತ್ತೇನೆ. ಅಳಿಸಿಹೋದ ಅಕ್ಷರದ ಜಾಗಕ್ಕೆ ಚುಕ್ಕಿ ಇಡುತ್ತೇನೆ. ಕೆಳಗೆ ಮೂರು ಸಾಲು: ಮಾರಿದವರು, ಮಾಡಿದವರು, ಕಾಲ. ಲಾರ್ಸನ್ ಪೈಪ್‌ಗಳಲ್ಲಿ ಎಷ್ಟೋ ಸಲ ನಡುವಿನ ಸಾಲು ಖಾಲಿ ಇರುತ್ತದೆ. ಕೊಳ್ಳಲು ಬಂದವರು ಹೆಸರು ಬರೆದುಕೊಡಿ ಅಂದರೂ ನಾನು ಬರೆಯುವುದಿಲ್ಲ. ಟಾರ್ಚ್ ಅವರ ಕೈಗೇ ಕೊಟ್ಟು, ಮುದ್ರೆಯನ್ನು ನೀವೇ ಓದಿ ನೋಡಿ ಅನ್ನುತ್ತೇನೆ.