ದೇವಿಮನೆ ಘಟ್ಟ ಹತ್ತಿ ಬರುವ ಬಂಗಡೆ

ನನ್ನ ತವರು ಕುಮಟಾ ಕಡೆ. ಬೆಳಿಗ್ಗೆ ಮೀನಿನ ಬುಟ್ಟಿ ಬಾಗಿಲಿಗೆ ಬಂದರೆ ಮಧ್ಯಾಹ್ನದ ಊಟಕ್ಕೆ ಎಲ್ಲ ಖಾಲಿ. ಮೀನನ್ನು ಕಾಪಾಡಿ ಇಡುವ ಪ್ರಶ್ನೆಯೇ ನಮ್ಮನೆಯಲ್ಲಿ ಇರಲಿಲ್ಲ. ಮದುವೆಯಾಗಿ ಶಿರಸಿಗೆ ಬಂದ ಮೇಲೆ ಮೀನಿಗೂ ನನ್ನ ಒಲೆಗೂ ನಡುವೆ ದೇವಿಮನೆ ಘಟ್ಟ ಬಂತು, ಸುಮಾರು 60 ಕಿಲೋಮೀಟರ್ ದಾರಿ ಬಂತು.

ಮೊದಲ ವರ್ಷದ ಏಪ್ರಿಲ್‌ನಲ್ಲಿ ತವರಿಂದ ಹೊರಡುವಾಗ ಎರಡು ಡಜನ್ ಬಂಗಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಐಸು ಹಾಕಿರಲಿಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ಮನೆ ಮುಟ್ಟುವಾಗ ನಾಲ್ಕು ತಾಸು ದಾಟಿತ್ತು. ಮೂಸಿ ನೋಡಿದೆ, ಕೆಟ್ಟ ವಾಸನೆ ಇರಲಿಲ್ಲ. ಚೆನ್ನಾಗಿ ತೊಳೆದು, ಉಪ್ಪು, ಅರಿಶಿನ, ಖಾರ ಹಚ್ಚಿ ಗರಿಗರಿಯಾಗಿ ಹುರಿದೆ. ಉಂಡು ಅರ್ಧ ಗಂಟೆಯೊಳಗೆ ನಮ್ಮನೆಯವರ ಮುಖ, ಕುತ್ತಿಗೆ ಕೆಂಪಾಗಿ ತಲೆ ಸಿಡಿಯಲು ಶುರುವಾಯಿತು. ಅತ್ತೆಯ ಕೈತುಂಬ ದದ್ದು. ನನಗೆ ತುಟಿ ಚುರುಚುರು.

ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಯಾವ ಮೀನು? ಐಸಿಲ್ಲದೆ ಎಷ್ಟು ಹೊತ್ತು ಇತ್ತು?" ಬಂಗಡೆ, ತಾರ್ಲೆ, ಟ್ಯೂನಾದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚಂತೆ. ಮೀನು ಬಿಸಿಲಲ್ಲಿ, ಸೆಕೆಯಲ್ಲಿ ಇದ್ದಷ್ಟು ಹೊತ್ತೂ ಬ್ಯಾಕ್ಟೀರಿಯಾ ಅದನ್ನು ಮೈ ಕೆಂಪಾಗಿಸಿ ದದ್ದು ಎಬ್ಬಿಸುವ ಹಿಸ್ಟಮಿನ್ ಮಾಡುತ್ತಾ ಹೋಗುತ್ತವೆ. ಒಮ್ಮೆ ಆದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಆಮೇಲೆ ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ಮೂಗಿಗೂ ಗೊತ್ತಾಗಬೇಕೆಂದಿಲ್ಲ. ಮಾತ್ರೆ ತೆಗೆದುಕೊಂಡು ರಾತ್ರಿಯೊಳಗೆ ಎಲ್ಲರೂ ಸುಧಾರಿಸಿದೆವು. ಮುಂದಿನ ತಿಂಗಳು ತಾಜಾ ಬಂಗಡೆ ತಿಂದಾಗ ಯಾರಿಗೂ ಏನೂ ಆಗಲಿಲ್ಲ. ಮೀನು ಒಗ್ಗದ ಮೈ ನಮ್ಮದಲ್ಲ, ಕೆಟ್ಟದ್ದು ಆ ನಾಲ್ಕು ತಾಸಿನಲ್ಲಿ. ಚೆನ್ನಾಗಿ ಬೇಯಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನನ್ನ ನಂಬಿಕೆ ಅಂದೇ ಬಿಟ್ಟುಹೋಯಿತು.

ಈಗ ಕುಮಟಾಕ್ಕೆ ಹೋಗುವಾಗಲೇ ಥರ್ಮಾಕೋಲ್ ಪೆಟ್ಟಿಗೆ ಜೊತೆಗಿರುತ್ತದೆ. ತಳದಲ್ಲಿ ಪುಡಿ ಐಸು, ಮೇಲೆ ಮೀನು, ಮತ್ತೆ ಐಸು. ಮೀನಿನ ತೂಕದಷ್ಟೇ ಐಸು. ಕರಗಿದ ನೀರಿನಲ್ಲಿ ಮೀನು ಮುಳುಗಬಾರದೆಂದು ತಳಕ್ಕೊಂದು ಸಣ್ಣ ತೂತು ಮಾಡಿ ಕೆಳಗೆ ತಟ್ಟೆ ಇಡುತ್ತೇನೆ. ಪೇಟೆಯ ಬೇರೆ ಕೆಲಸ ಎಲ್ಲ ಮುಗಿಸಿ ಕೊನೆಗೆ ಮೀನು ಕೊಳ್ಳುವುದು, ಕೊಂಡ ಮೇಲೆ ಯಾರ ಮನೆಗೂ ಚಹಾಕ್ಕೆ ಹೋಗುವುದಿಲ್ಲ.

ಆರಿಸುವ ರೀತಿ ಅಮ್ಮ ಹೇಳಿಕೊಟ್ಟದ್ದೇ. "ಕಿವಿರು ಎತ್ತಿ ನೋಡು ಮಗಾ, ಆಮೇಲೆ ದರ ಕೇಳು." ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆರಳಿಂದ ಒತ್ತಿದರೆ ಕುಳಿ ನಿಲ್ಲಬಾರದು. ಇಸ್ವಾಣದಂಥ ದೊಡ್ಡ ಮೀನನ್ನು ತುಂಡು ಮಾಡಿಟ್ಟಿದ್ದರೆ ಕಿವಿರೂ ಇಲ್ಲ, ಕಣ್ಣೂ ಇಲ್ಲ. ಹಾಗಾಗಿ ಇಡೀ ಮೀನು ತೋರಿಸಿ ಎದುರಿಗೇ ಕೊಯ್ದು ಕೊಡುವವರ ಹತ್ತಿರ ಮಾತ್ರ ಕೊಳ್ಳುತ್ತೇನೆ.

ಚಿಪ್ಪಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಅಘನಾಶಿನಿ ಅಳಿವೆಯ ಬಳಚು, ಕಲಗ, ನೀಲಿಕಲ್ಲು ಎಂಬ ಚಿಪ್ಪುಮೀನು ತಿಂದೇ ಬೆಳೆದವಳು ನಾನು. ನೀರು ಇಳಿದಾಗ ಹೆಂಗಸರು ಸೊಂಟ ಬಗ್ಗಿಸಿ ಕೆಸರಲ್ಲಿ ಬಳಚು ಹೆಕ್ಕುವುದನ್ನು ನೋಡಿದವರಿಗೆ ಒಂದು ಚಿಪ್ಪನ್ನೂ ಎಸೆಯಲು ಮನಸ್ಸು ಬಾರದು. ಆದರೂ ಎಸೆಯಬೇಕಾದ್ದನ್ನು ಎಸೆಯಲೇಬೇಕು. ಇವು ನೀರು ಸೋಸಿ ಬದುಕುವ ಜೀವಗಳು. ಹೊಳೆಯಲ್ಲಿರುವ ಕೊಳಕು, ರೋಗಾಣು ಅವುಗಳ ಮೈಯಲ್ಲಿ ಒಟ್ಟಾಗುತ್ತವೆ. ಗುಡ್ಡದ ಕೊಳೆಯೆಲ್ಲ ಹೊಳೆಗೆ ಇಳಿಯುವ ಜೋರು ಮಳೆಯ ದಿನಗಳಲ್ಲಿ ನಾನು ಬಳಚು ಕೊಳ್ಳುವುದೇ ಇಲ್ಲ.

ತಂದ ಬಳಚನ್ನು ಉಪ್ಪುನೀರಿನಲ್ಲಿ ಒಂದೆರಡು ತಾಸು ಬಿಟ್ಟರೆ ಮರಳು ಉಗುಳುತ್ತದೆ. ಸೆಕೆಗಾಲದಲ್ಲಿ ಆ ಪಾತ್ರೆಯನ್ನು ತಂಪಿನಲ್ಲೇ ಇಡುತ್ತೇನೆ. ಬಾಯಿ ತೆರೆದದ್ದನ್ನು ಬೆರಳಿಂದ ತಟ್ಟಿದಾಗ ಮುಚ್ಚಿಕೊಂಡರೆ ಜೀವ ಇದೆ. ಮುಚ್ಚದಿದ್ದರೆ, ಚಿಪ್ಪು ಒಡೆದಿದ್ದರೆ ತೆಂಗಿನ ಬುಡಕ್ಕೆ. ಬಾಯಿ ತೆರೆದ ತಕ್ಷಣ ಒಲೆ ಆರಿಸುವವರಿದ್ದಾರೆ, ನಾನು ಮತ್ತೂ ನಾಲ್ಕೈದು ನಿಮಿಷ ಕುದಿಸುತ್ತೇನೆ. ಬೆಂದ ಮೇಲೂ ಬಾಯಿ ಬಿಡದ್ದನ್ನು ಚಾಕುವಿನಿಂದ ಬಿಡಿಸಲು ಹೋಗುವುದಿಲ್ಲ. ಕಲಗವನ್ನು ಹಸಿಯಾಗಿ ತಿನ್ನುವ ರೂಢಿ ಈಗ ಪ್ರವಾಸಿಗರಿಗಾಗಿ ಬರುತ್ತಿದೆ. ನಮ್ಮ ಬೆಚ್ಚಗಿನ ಅಳಿವೆಯ ನೀರಿನಲ್ಲಿ ವಿಬ್ರಿಯೋ ಜಾತಿಯ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತವೆ, ಲಿಂಬೆರಸ ಹಿಂಡಿದರೆ ಅವು ಸಾಯುವುದಿಲ್ಲ. ಬಸುರಿಯರು, ಯಕೃತ್ತಿನ ಕಾಯಿಲೆ ಇರುವವರು ಇದರ ಹತ್ತಿರವೂ ಸುಳಿಯಬಾರದು.

ಏಡಿ ಮನೆಗೆ ಬರುವಾಗ ಕಾಲಾಡಿಸುತ್ತಿರಬೇಕು, ಸತ್ತ ಏಡಿ ಬೇಗ ಕೆಡುತ್ತದೆ. ಶೆಟ್ಲಿಯ (ಸಿಗಡಿಯ) ಬೆನ್ನಿನ ಕಪ್ಪು ನರ ತೆಗೆಯುತ್ತೇನೆ, ಅದು ಅದರ ಕರುಳು. ಶೆಟ್ಲಿ, ಏಡಿ ಒಗ್ಗದವರಿಗೆ ಅದೇ ಎಣ್ಣೆಯಲ್ಲಿ ಹುರಿದ ಬಂಗಡೆಯನ್ನೂ ಬಡಿಸುವುದಿಲ್ಲ. ನಮ್ಮ ನಾದಿನಿಗೆ ಶೆಟ್ಲಿ ಆಗದು, ಅವಳು ಬಂದ ದಿನ ಬಾಣಲೆಯೇ ಬೇರೆ.

ಮೀನಿನ ಮೆಟ್ಟುಗತ್ತಿಯಲ್ಲಿ ತರಕಾರಿ ಹೆಚ್ಚುವುದಿಲ್ಲ. ಖಾರ ಹಚ್ಚಿದ ಮೀನು ನೆನೆಯುವುದು ಫ್ರಿಜ್ಜಿನಲ್ಲಿ, ಕಟ್ಟೆಯ ಮೇಲಲ್ಲ. ಅರಿಶಿನ ಹಚ್ಚಿದೆ, ಇನ್ನೇನೂ ಆಗದು ಅಂತ ನಾನೂ ಅಂದುಕೊಂಡಿದ್ದೆ, ಅದು ತಪ್ಪು. ಬೆಂದಿದೆಯೇ ಎಂದು ದಪ್ಪ ತುಂಡಿನ ಮುಳ್ಳಿನ ಬದಿಯಲ್ಲಿ ನೋಡಬೇಕು. ಮಾಂಸ ಗಾಜಿನಂತಿರದೆ ಬೆಳ್ಳಗಾಗಿ, ಚಮಚಕ್ಕೆ ಪದರು ಪದರಾಗಿ ಬಿಡಬೇಕು. ಅಳೆಯುವವರಿಗೆ ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು.

ಇನ್ನು ಮರುದಿನದ ಬಂಗಡೆ ಸಾರು. ಜುಮ್ಮನಕಾಯಿ ಎಂಬ ಮಸಾಲೆಕಾಯಿ ಹಾಕಿ ಮಾಡಿದ ಸಾರಿಗೆ ರಾತ್ರಿ ಕಳೆದ ಮೇಲೆಯೇ ರುಚಿ ಹತ್ತುವುದು. ಅಜ್ಜಿ ಮಣ್ಣಿನ ಗಡಿಗೆಯನ್ನು ಒಲೆಯ ಮೇಲೇ ಬಿಟ್ಟು ಮಲಗುತ್ತಿದ್ದಳು. ನಾನು ಹಾಗೆ ಮಾಡುವುದಿಲ್ಲ. ಉಂಡಾದ ಕೂಡಲೇ ಉಳಿದದ್ದನ್ನು ಅಗಲದ ಎರಡು ಪಾತ್ರೆಗೆ ಸುರಿದು, ತಣ್ಣೀರಿನ ತಟ್ಟೆಯಲ್ಲಿಟ್ಟು ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸುತ್ತೇನೆ. ಬೆಳಿಗ್ಗೆ ಗಂಜಿಗೆ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸುತ್ತೇನೆ. ರುಚಿ ಅಜ್ಜಿಯ ಗಡಿಗೆಯದ್ದೇ.